ಮರಳುಗಾಡಿನ ನೀರಿನ ಜಾಡು: ಟ್ಯುನೀಷಿಯಾದ ಬೆಟ್ಟದ ಓಯಸಿಸ್‌ಗಳನ್ನು ನೋಡುವುದು ಹೇಗೆ?

ಸಹಾರಾದ ಅಂಚಿನಲ್ಲಿ ಹರಿಯುವ ನೀರನ್ನು ಕಾಣಬೇಕೆನ್ನುವವರು ನೈಋತ್ಯ ಟ್ಯುನೀಷಿಯಾದ ಶೆಬಿಕಾ, ತಮೆರ್ಜಾ ಮತ್ತು ಮಿಡೆಸ್ ಎಂಬ ಮೂರು ಓಯಸಿಸ್‌ಗಳನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯೇ ಸೂಕ್ತ.

ಮೊದಲು ತೋಝರ್ ಪಟ್ಟಣದಲ್ಲಿ ತಂಗಿ, ಇಡೀ ದಿನಕ್ಕೆ ಚಾಲಕನ ಸಮೇತ ವಾಹನವನ್ನು ಗೊತ್ತುಮಾಡಿಕೊಳ್ಳಿ. ಬಾಡಿಗೆಯನ್ನು ದಿನಾರ್ ಲೆಕ್ಕದಲ್ಲಿ ಮುಂಚಿತವಾಗಿಯೇ ಮಾತನಾಡಿಕೊಳ್ಳುವುದು ಒಳ್ಳೆಯದು. ಮಿಡೆಸ್ ಅಲ್ಜೀರಿಯಾದ ಗಡಿಗೆ ಅಂಟಿಕೊಂಡಂತಿರುವುದರಿಂದ ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ಬೆಳಿಗ್ಗೆ ಬೇಗ ಹೊರಟು, ಸುಮಾರು 60 ಕಿ.ಮೀ. ದೂರದ ಶೆಬಿಕಾಗೆ ಮೊದಲು ಹೋಗಿ. ಮೂರರಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ ಎಂಬುದು ನನ್ನ ಅಭಿಪ್ರಾಯ. ರೋಮನ್ನರ ಕಾಲದಲ್ಲಿ ಇದು ಗಡಿಕಾವಲಿನ ಠಾಣೆಯಾಗಿತ್ತು. ಪಾಳುಬಿದ್ದ ಹಳೆಯ ಊರಿನ ನಡುವೆ ಮೇಲೇರಿ, ಗುಡ್ಡದ ಹಿಂಬದಿಯ ಕಮರಿಗೆ ಇಳಿದರೆ ಬಂಡೆಯ ಬುಡದಲ್ಲಿ ಒರತೆ ಕಾಣುತ್ತದೆ. ಬೆಟ್ಟದ ಮೇಲೆ ಬಿದ್ದ ಅಲ್ಪ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ಕೆಳಗೆ ಹೀಗೆ ಹೊರಬರುತ್ತದೆ. ಆ ತೊರೆಯ ಜೊತೆಗೇ ನಡೆದರೆ ಪುಟ್ಟ ಜಲಪಾತವೊಂದನ್ನು ದಾಟಿ ಖರ್ಜೂರದ ತೋಟಗಳನ್ನು ತಲುಪುತ್ತೀರಿ. ಕಲ್ಲುಗಳು ಜಾರುವುದರಿಂದ ಹಿಡಿತವಿರುವ ಪಾದರಕ್ಷೆ ಬೇಕು. ತೋಟಗಳಿಗೆ ಹಾಯುವುದು ಇದೇ ನೀರಾದ್ದರಿಂದ ಸೋಪು ಹಚ್ಚಿ ಸ್ನಾನಮಾಡುವುದಾಗಲಿ, ಕಸ ಎಸೆಯುವುದಾಗಲಿ ಕೂಡದು.

ಆಮೇಲೆ ಬೆಟ್ಟದ ರಸ್ತೆಯಲ್ಲಿ ಮುಂದುವರಿದು ತಮೆರ್ಜಾ ಸೇರಿ, ಅಲ್ಲಿಯ ದೊಡ್ಡ ಜಲಪಾತವನ್ನು ನೋಡಿ. ನಮ್ಮ ಮಲೆನಾಡಿನ ಧುಮ್ಮಿಕ್ಕುವ ಜಲಪಾತಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇದು ಚಿಕ್ಕದೆನಿಸಬಹುದು. ಆದರೆ ಸುತ್ತಲಿನ ಬೋಳು ಬೆಟ್ಟಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಹತ್ತಿರದಲ್ಲೇ ಇರುವ ಹಳೆಯ ತಮೆರ್ಜಾವನ್ನೂ ಬಿಡಬೇಡಿ. 1969ರಲ್ಲಿ ಎಡೆಬಿಡದೆ ಸುರಿದ ಮಳೆ ಮತ್ತು ಪ್ರವಾಹಕ್ಕೆ ಮೂರೂ ಊರುಗಳ ಮಣ್ಣಿನ ಮನೆಗಳು ಕುಸಿದುಬಿದ್ದು, ಜನರು ಹೊಸ ಊರುಗಳನ್ನು ಕಟ್ಟಿಕೊಳ್ಳಬೇಕಾಯಿತು. ಆದ್ದರಿಂದ ಬೆಟ್ಟದ ಮೇಲೆ ಮೋಡ ಕವಿದಿದ್ದರೆ, ನೀವಿರುವಲ್ಲಿ ಹನಿಯೂ ಬೀಳದಿದ್ದರೂ, ಕಮರಿಗೆ ಇಳಿಯಬೇಡಿ. ಇಳಿದಿದ್ದರೆ ಕೂಡಲೇ ಎತ್ತರದ ಜಾಗಕ್ಕೆ ಬನ್ನಿ.

ಕೊನೆಗೆ ಮಿಡೆಸ್. ಇಲ್ಲಿ ನೋಡಬೇಕಾದದ್ದು ನೀರು ಕೊರೆದ ಆಳವಾದ ಕಂದರವನ್ನು. ಅಂಚಿನಲ್ಲಿ ತಡೆಗೋಡೆಯನ್ನು ನಿರೀಕ್ಷಿಸದೆ, ಮಕ್ಕಳ ಕೈಹಿಡಿದೇ ನಡೆಯಿರಿ. ತಿರುವುಗಳ ರಸ್ತೆಯಾದ್ದರಿಂದ ಕತ್ತಲಾಗುವ ಮೊದಲೇ ತೋಝರ್‌ಗೆ ಮರಳಿ.