ತೆರೆಯದ ವೆಬ್‌ಸೈಟಿನ ಬೆನ್ನು ಹತ್ತಿ

2022ರಲ್ಲಿ ವಿಎಲ್‌ಸಿ ಪ್ಲೇಯರ್‌ನ ತಾಣ ವಿಡಿಯೊಲ್ಯಾನ್ ಭಾರತದಲ್ಲಿ ಅನೇಕರಿಗೆ ತೆರೆಯದಂತಾಯಿತು. ವಿಎಲ್‌ಸಿ ಅಂದರೆ ವಿಡಿಯೊ ನೋಡಲು ತುಂಬಾ ಜನ ಬಳಸುವ ಉಚಿತ ತಂತ್ರಾಂಶ. ನಮ್ಮ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಪುಟ ಬರುತ್ತಿರಲಿಲ್ಲ, ಮೊಬೈಲ್ ಡೇಟಾದಲ್ಲಿ ಬರುತ್ತಿತ್ತು. ಯಾರು ತಡೆದರು, ಯಾಕೆ ತಡೆದರು ಅಂತ ಪರದೆಯ ಮೇಲೆ ಒಂದು ಸಾಲೂ ಇರಲಿಲ್ಲ. ಇದನ್ನು ದಾಖಲೆ ಮಾಡಲೇಬೇಕು ಅನ್ನಿಸಿತು. ಊನಿ ಪ್ರೋಬ್ ಎಂಬ ಉಚಿತ ಆ್ಯಪ್ ಹಾಕಿಕೊಂಡೆ.

ಆ್ಯಪ್‌ನಲ್ಲಿ ನಮಗೆ ಬೇಕಾದ ತಾಣದ ವಿಳಾಸ ಹಾಕಿ ಪರೀಕ್ಷಿಸಬಹುದು. ಅದು ನಮ್ಮ ಫೋನ್‌ನಿಂದ ತಾಣ ತೆರೆಯಲು ನೋಡುತ್ತದೆ. ತಡೆ ಇಲ್ಲದ ಕಡೆ ಇರುವ ಸರ್ವರ್‌ನಿಂದಲೂ ಅದನ್ನೇ ತೆರೆದು, ಎರಡನ್ನೂ ಹೋಲಿಸುತ್ತದೆ. ಮೊದಲು ವಿಪಿಎನ್ (ನಮ್ಮ ಸಂಪರ್ಕವನ್ನು ಬೇರೆ ಕಡೆಯ ಸರ್ವರ್ ಮೂಲಕ ಹಾಯಿಸುವ ಸೇವೆ) ಆಫ್ ಮಾಡಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಫಲಿತಾಂಶದಲ್ಲಿ ವ್ಯತ್ಯಾಸ ಕಂಡ ಕೂಡಲೇ ತಡೆ ಅಂತ ನಾನು ತೀರ್ಮಾನ ಮಾಡುವುದಿಲ್ಲ. ಸಿಗ್ನಲ್ ಕೆಟ್ಟಿರಬಹುದು, ಆ ತಾಣದ ಸರ್ವರೇ ಮಲಗಿರಬಹುದು. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ನೆಟ್‌ವರ್ಕ್‌ಗಳಲ್ಲಿ ಮತ್ತೆ ನೋಡುತ್ತೇನೆ.

ಆಮೇಲೆ ತಡೆ ಯಾವ ಬಗೆಯದು ಅಂತ ಹುಡುಕುವ ಕೆಲಸ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್ಎಸ್ (ತಾಣದ ಹೆಸರಿಗೆ ತಕ್ಕ ಅಂಕಿ ವಿಳಾಸವನ್ನು ಇಂಟರ್ನೆಟ್ ಕಂಪನಿಯ ಬದಲು ಬೇರೆಯವರಿಂದ ಗುಟ್ಟಾಗಿ ಕೇಳುವ ವ್ಯವಸ್ಥೆ) ಆನ್ ಮಾಡಿ ಬ್ರೌಸರ್‌ನಲ್ಲಿ ತಾಣ ತೆರೆದು ನೋಡುತ್ತೇನೆ. ಈಗ ತೆರೆದರೆ, ಇಂಟರ್ನೆಟ್ ಕಂಪನಿ ತಾಣದ ಹೆಸರಿಗೆ ತಪ್ಪು ವಿಳಾಸ ಕೊಡುತ್ತಿತ್ತು ಅಂತ ಲೆಕ್ಕ. ನಮ್ಮ ಮನೆಯಲ್ಲಿ ಆಗಲೂ ತೆರೆಯಲಿಲ್ಲ. ವಿಳಾಸ ಸರಿಯಾಗೇ ಸಿಗುತ್ತಿತ್ತು, ಸಂಪರ್ಕ ಶುರುವಾಗುವಷ್ಟರಲ್ಲಿ ಕತ್ತರಿಸಿಹೋಗುತ್ತಿತ್ತು. ಎಚ್‌ಟಿಟಿಪಿಎಸ್‌ನಲ್ಲಿ (ತಾಣಗಳು ಬಳಸುವ ಸುರಕ್ಷಿತ ಸಂಪರ್ಕ) ಒಳಗಿನ ವಿಷಯಕ್ಕೆ ಬೀಗ ಇರುತ್ತದೆ. ಆದರೆ ಸಾಮಾನ್ಯವಾಗಿ ತಾಣದ ಹೆಸರು ಲಕೋಟೆ ಮೇಲಿನ ವಿಳಾಸದ ಹಾಗೆ ಹೊರಗೇ ಕಾಣುತ್ತದೆ. ಅದನ್ನು ಓದಿಯೇ ಕಂಪನಿಗಳು ತಡೆಯಬಲ್ಲವು.

ಒಂದು ಕಡೆ ಬಂದು ಇನ್ನೊಂದು ಕಡೆ ಬಾರದಿರುವುದು ನನ್ನೊಬ್ಬನ ಅನುಭವ ಅಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಆರು ಇಂಟರ್ನೆಟ್ ಕಂಪನಿಗಳನ್ನು ಪರೀಕ್ಷಿಸಿದ್ದರು. ಒಂದಲ್ಲ ಒಂದು ಕಂಪನಿ ತಡೆದಿದ್ದ ತಾಣಗಳು 4,033. ಆರೂ ಕಂಪನಿಗಳು ತಡೆದದ್ದು 1,115 ಮಾತ್ರ. ನೀವು ಯಾವ ಕಂಪನಿಗೆ ದುಡ್ಡು ಕಟ್ಟುತ್ತೀರಿ ಅನ್ನುವುದರ ಮೇಲೆ ನೀವು ಏನು ಓದಬಹುದು ಅಂತ ನಿರ್ಧಾರವಾಗುತ್ತಿದೆ, ಇದು ಅನ್ಯಾಯ ಅಲ್ವಾ?

ಐಟಿ ಕಾಯ್ದೆಯ 69ಎ ಕಲಮಿನಡಿ ಸರ್ಕಾರ ತಾಣಗಳನ್ನು ತಡೆಯಬಹುದು. ಅದಕ್ಕಾಗಿ ಮಾಡಿದ 2009ರ ನಿಯಮಗಳಲ್ಲಿ 16ನೆಯದು, ತಡೆ ಕೋರಿ ಬಂದ ದೂರು, ಅದರ ಮೇಲಿನ ಕ್ರಮಗಳನ್ನು ಗುಟ್ಟಾಗಿಡಬೇಕು ಅನ್ನುತ್ತದೆ. ಆದೇಶದ ಪ್ರತಿಯೇ ಸಿಗದಿದ್ದರೆ ಜನ ಪ್ರಶ್ನಿಸುವುದಾದರೂ ಹೇಗೆ? ವಿಎಲ್‌ಸಿ ವಿಷಯದಲ್ಲಿ ಇಂಟರ್ನೆಟ್ ಹಕ್ಕುಗಳಿಗೆ ಹೋರಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಸಂಸ್ಥೆಯ ನೆರವಿನಿಂದ ಸರ್ಕಾರಕ್ಕೆ ಲೀಗಲ್ ನೋಟಿಸ್ ಹೋಯಿತು. 2022ರ ನವೆಂಬರ್‌ನಲ್ಲಿ ತಡೆ ತೆರವಾಯಿತು. ಅಂಥ ಹೋರಾಟಕ್ಕೆ ತಾರೀಖು ಸಮೇತ ಪುರಾವೆ ಬೇಕು. ಅದನ್ನು ನಾವು ಮನೆಯಲ್ಲೇ ಕೂತು ಕೂಡಿಸಬಹುದು.

ಆದರೆ ಎಚ್ಚರಿಕೆ ಇರಲಿ. ಊನಿ ಪ್ರೋಬ್ ಆ್ಯಪ್‌ನ ಸೆಟ್ಟಿಂಗ್ಸ್ ಬದಲಿಸದಿದ್ದರೆ ಫಲಿತಾಂಶ ತಾನಾಗೇ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ನಿಮ್ಮ ಐಪಿ ವಿಳಾಸ (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಬಿಟ್ಟು ದೇಶ, ನೆಟ್‌ವರ್ಕ್, ಸಮಯ ಅದರಲ್ಲಿರುತ್ತವೆ. ಆ್ಯಪ್‌ನ ಸಿದ್ಧ ಪಟ್ಟಿಯಲ್ಲಿ ಜೂಜು, ಅಶ್ಲೀಲ ತಾಣಗಳೂ ಇವೆ. ಬೇಡವಾದ ವಿಭಾಗಗಳನ್ನು ನಾನು ಮೊದಲೇ ಆಫ್ ಮಾಡುತ್ತೇನೆ. ಆಫೀಸಿನ ಅಥವಾ ಬೇರೆಯವರ ವೈಫೈನಲ್ಲಿ ಕೇಳದೆ ಓಡಿಸುವುದಿಲ್ಲ.

ನಿಮ್ಮೂರಿನಲ್ಲಿ ಕೇಬಲ್‌ನವರೇ ಇಂಟರ್ನೆಟ್ ಕೊಡುತ್ತಿದ್ದರೆ ಒಮ್ಮೆ ಓಡಿಸಿ ನೋಡಿ. ಅಂಥ ಸಣ್ಣ ನೆಟ್‌ವರ್ಕ್‌ಗಳ ದಾಖಲೆ ಬೆಂಗಳೂರಿನಲ್ಲಿ ಕೂತ ನನ್ನಿಂದ ಆಗುವುದಿಲ್ಲ.