ಮೊದಲು ಖರ್ಚು, ಆಮೇಲೆ ವಿಶ್ವಬ್ಯಾಂಕ್ ಹಣ: ಕ್ಲೇಮು ತಯಾರಿಸಿದ ಅನುಭವ

ವಿಶ್ವಬ್ಯಾಂಕ್ ಯೋಜನೆ ಎಂದರೆ ದುಡ್ಡು ಮೊದಲೇ ಬಂದು ಕೂತಿರುತ್ತದೆ ಎಂದು ಹಳ್ಳಿಯ ಸಂಘದವರೂ ಹೊಸ ಎಂಜಿನಿಯರುಗಳೂ ನಂಬಿರುತ್ತಾರೆ. ನಮ್ಮಲ್ಲಿ ನಡೆಯುವುದು ಬೇರೆ. ರಾಜ್ಯ ಬಜೆಟ್‌ನಿಂದ ಮೊದಲು ಖರ್ಚು ಮಾಡಬೇಕು. ಆ ಖರ್ಚನ್ನು ಮರಳಿ ಕೇಳುವ ಕ್ಲೇಮು, ವಿದೇಶಿ ನೆರವಿನ ಲೆಕ್ಕ ನೋಡುವ ದೆಹಲಿಯ ನೆರವು ಲೆಕ್ಕ ನಿಯಂತ್ರಕರ ಮೂಲಕ ವಿಶ್ವಬ್ಯಾಂಕಿಗೆ ಹೋಗಿ, ಹಣ ಕೇಂದ್ರಕ್ಕೆ ಬಂದು, ಅಲ್ಲಿಂದ ರಾಜ್ಯಕ್ಕೆ ಇಳಿಯುತ್ತದೆ. ಕ್ಲೇಮು ತಡವಾದಷ್ಟು ದಿನ ಖಜಾನೆಯೇ ಭಾರ ಹೊರಬೇಕು.

ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಸುಜಲದಂಥ ಜಲಾನಯನ ಯೋಜನೆಯಲ್ಲಿ ಎಲ್ಲವೂ ಸಣ್ಣ ಬಿಲ್ಲುಗಳೇ: ಬದು, ಕೃಷಿಹೊಂಡ, ತಡೆ ಅಣೆ, ಸಸಿ. ಹಾಗಾಗಿ ಬಿಲ್ಲಿಗೊಂದು ಸಾಲು ಬರೆದಿಟ್ಟೆವು. ಕರಾರು ಸಂಖ್ಯೆ, ಅಳತೆ ಪುಸ್ತಕದ (ಮುಗಿದ ಕೆಲಸದ ಅಳತೆ ಬರೆಯುವ ಪುಸ್ತಕ) ಪುಟ, ವೋಚರ್ ಸಂಖ್ಯೆ, ಪಾವತಿ ದಿನಾಂಕ, ಖರ್ಚಿನ ವರ್ಗ, ಬ್ಯಾಂಕ್ ಭರಿಸುವ ಪಾಲು. ಪಾಲು 80% ಇರುವ ವರ್ಗದಲ್ಲಿ ₹4,00,000 ಬಿಲ್ಲಿಗೆ ಕ್ಲೇಮು ₹3,20,000. ಒಂದೇ ವೋಚರ್ ಎರಡು ಕ್ಲೇಮುಗಳಲ್ಲಿ ನುಸುಳದಂತೆ ಕಾಯುವುದೂ ಈ ಸಾಲೇ.

ಹೆಚ್ಚು ಪೆಟ್ಟು ಕೊಡುವುದು ಮಾರ್ಚ್ ತಿಂಗಳು. ಅನುದಾನ ಲ್ಯಾಪ್ಸ್ ಆಗಬಾರದೆಂದು ಸಂಘಗಳ ಖಾತೆಗೆ ಮುಂಗಡ ಹಾಕಿ, ಅದನ್ನೇ ಖರ್ಚೆಂದು ತೋರಿಸಿಬಿಡುತ್ತಾರೆ. ಕೆಲಸ ನೆಲದ ಮೇಲೆ ಇಲ್ಲ, ಅಳತೆ ಪುಸ್ತಕದ ಪುಟ ಖಾಲಿ. ಆಡಿಟ್‌ನಲ್ಲಿ ಅಷ್ಟೂ ಮೊತ್ತ ಆಕ್ಷೇಪಣೆಗೆ ಬಿದ್ದು, ಮುಂದಿನ ಕ್ಲೇಮಿನಲ್ಲಿ ಕಡಿತವಾಗುತ್ತದೆ. ಅದಕ್ಕೇ ನಾವು ಮುಂಗಡಕ್ಕೆ ಬೇರೆ ರಿಜಿಸ್ಟರ್ ಇಟ್ಟು, ಬಳಕೆ ಲೆಕ್ಕ ಬಂದಷ್ಟನ್ನೇ ಕ್ಲೇಮಿಗೆ ಸೇರಿಸಿದೆವು. ಹಣ ನಿಂತರೆ ನಷ್ಟ ಕಾಗದದಲ್ಲಷ್ಟೇ ಅಲ್ಲ. ತಡೆ ಅಣೆಯ ಕೆಳಗಿನ ಕಲ್ಲುಹಾಸು ಮಳೆಗೆ ಮುಂಚೆ ಮುಗಿಯದಿದ್ದರೆ ಮೊದಲ ಹಳ್ಳದ ನೀರಿಗೇ ಬುಡ ಕೊರೆದು, ಕಟ್ಟಿದ್ದೂ ಹೋಗುತ್ತದೆ.

ಟೆಂಡರ್ ತಪ್ಪಿಸಲು ಒಂದು ಕಾಮಗಾರಿಯನ್ನು ನಾಲ್ಕು ತುಂಡು ಮಾಡುವುದು ಇನ್ನೂ ಅಪಾಯ. ಖರೀದಿ ನಿಯಮ ಮುರಿದಿದೆ ಎಂದಾದರೆ ಆ ಕರಾರಿನ ಹಣ ಸಾಲದಿಂದಲೇ ರದ್ದಾಗಬಹುದು. ವಿಶ್ವಬ್ಯಾಂಕ್ ಮೊದಲೇ ನೋಡಿ ಒಪ್ಪಬೇಕಾದ, ಅಂದರೆ ಪೂರ್ವಪರಿಶೀಲನೆ ಬೇಕಾದ ಕರಾರಿಗೆ ಅದರ ನಿರಾಕ್ಷೇಪಣಾ ಪತ್ರ ಕೈಗೆ ಬರುವ ಮೊದಲು ಕಾರ್ಯಾದೇಶ ಕೊಡಲೇಬಾರದು.

ಐಡಿಎ (ವಿಶ್ವಬ್ಯಾಂಕಿನ ಸುಲಭ ಸಾಲದ ಅಂಗ) ಸಾಲ ಎಸ್‌ಡಿಆರ್‌ನಲ್ಲಿದ್ದರೆ (ಹಲವು ಕರೆನ್ಸಿ ಸೇರಿಸಿ ಐಎಂಎಫ್ ಮಾಡಿದ ಲೆಕ್ಕದ ಘಟಕ), ಇನ್ನೂ ಪಡೆಯದ ಬಾಕಿಯನ್ನು ರೂಪಾಯಿಯಲ್ಲಿ ನೋಡಿ ಮೋಸಹೋಗಬೇಡಿ. ರೂಪಾಯಿ ಕುಸಿದರೆ ಬಾಕಿ ಉಬ್ಬುತ್ತದೆ, ಅದಕ್ಕೆ ಕೆಲಸ ಯೋಜಿಸಿರದಿದ್ದರೆ ಮುಕ್ತಾಯದ ದಿನ ಹಣ ಉಳಿದುಹೋಗುತ್ತದೆ. ನಾವು ಮೂರು ತಿಂಗಳಿಗೊಮ್ಮೆ ಹೊಸ ದರದಲ್ಲಿ ಲೆಕ್ಕ ಹಾಕಿದೆವು. ಮುಕ್ತಾಯದ ದಿನದ ನಂತರ ಸಿಗುವ ಸುಮಾರು 4 ತಿಂಗಳು ಹಳೆಯ ಕೆಲಸದ ಕ್ಲೇಮು ಸಲ್ಲಿಸಲು ಮಾತ್ರ, ಹೊಸ ಗುದ್ದಲಿ ಹಾಕಲು ಅಲ್ಲ.