ಚೈನೀಸ್ ಮಾತಾಡೋಕೆ ಎಷ್ಟು ಪದ ಬೇಕು?

ಎಚ್‌ಎಸ್‌ಕೆ ಅಂದ್ರೆ ವಿದೇಶಿಯರ ಚೈನೀಸ್ ಅಳೆಯುವ ಪರೀಕ್ಷೆ. ಅದರ ಹಳೆಯ ಪದಪಟ್ಟಿಯಲ್ಲಿ ಮೂರನೇ ಹಂತಕ್ಕೆ 600 ಪದ, ನಾಲ್ಕಕ್ಕೆ 1200, ಐದಕ್ಕೆ 2500. 2021ರಲ್ಲಿ ಬಂದ ಹೊಸ ಪಟ್ಟಿಯಲ್ಲಿ ಮೊದಲ ಹಂತಕ್ಕೇ 500! ಗಾಬರಿ ಬೇಡ. ನನ್ನ ಲೆಕ್ಕದಲ್ಲಿ 600ಕ್ಕೆ ಅಂಗಡಿ, ಊಟ, ಟ್ಯಾಕ್ಸಿ ಸುಧಾರಿಸಬಹುದು, ಆದರೆ ಹರಟೆ ಹೊಡೆಯೋಕೆ ಎರಡು ಸಾವಿರದ ಆಸುಪಾಸು ಬೇಕೇ ಬೇಕು.

ಮೊದಲು ಜೋಡಿಪದ ಹಿಡಿಯಿರಿ. 'ಡಿಯೆನ್' ಅಂದ್ರೆ ಕರೆಂಟು. ಅದಕ್ಕೆ 'ಹ್ವಾ' (ಮಾತು) ಸೇರಿದರೆ ಫೋನು, 'ನಾವ್' (ಮಿದುಳು) ಸೇರಿದರೆ ಕಂಪ್ಯೂಟರ್, 'ಯಿಂಗ್' (ನೆರಳು) ಸೇರಿದರೆ ಸಿನಿಮಾ. ಮಜಾ ಇದೆ ಅಲ್ವಾ? ಹೀಗೆ ಒಂದು ತುಂಡು ಕಲಿತರೆ ನಾಲ್ಕು ಪದ ತಾವಾಗಿಯೇ ಅಂಟಿಕೊಳ್ಳುತ್ತವೆ, ಸುಮ್ನೆ ಪಟ್ಟಿ ಉರು ಹೊಡೆಯುವ ಕಷ್ಟ ತಪ್ಪುತ್ತದೆ.

ಪದವನ್ನು ದನಿಯ ಏರಿಳಿತದ ಸಮೇತ ಕಲಿಯಿರಿ. 'ಮಾಯ್' ಅಂತ ದನಿ ಇಳಿಸಿ ಏರಿಸಿದರೆ ಕೊಳ್ಳುವುದು, ಒಂದೇ ಸಲ ಕೆಳಕ್ಕೆ ಕುಕ್ಕಿದರೆ ಮಾರುವುದು. ಚೌಕಾಸಿ ಮಾಡುವಾಗ ಇದು ಎಡವಟ್ಟು!

ಎಣಿಸುವಾಗ ಸಂಖ್ಯೆಗೂ ವಸ್ತುವಿಗೂ ನಡುವೆ ಒಂದು ಪದ ಬರಬೇಕು, ಪುಸ್ತಕಕ್ಕೆ 'ಬೆನ್' ಇದ್ದ ಹಾಗೆ. ನೆನಪಾಗದಿದ್ದರೆ 'ಗೆ' ಹಾಕಿ, ಅರ್ಥ ಮಾಡಿಕೊಳ್ಳುತ್ತಾರೆ.

ದಿನಕ್ಕೆ ಐದು ಪದ ಸಾಕು. ಅವನ್ನು ಅವತ್ತೇ ವಾಕ್ಯದಲ್ಲಿ ಹಾಕಿ ಜೋರಾಗಿ ಹೇಳಿ.